ಹೊರೆ ಎತ್ತಿಸುವವರು

ಅರಕೆರೆಯ ಪುಟ್ಟಲಕ್ಷ್ಮಮ್ಮ ಮದುವೆಯಾಗಿ ಬಂದಾಗಿನಿಂದ ಹಸುಗಳಿಗೆ ಹುಲ್ಲು ತರುವುದು ಅವಳದೇ ಕೆಲಸ. ಬೆಳಗಿನ ಹಾಲನ್ನು ಡೈರಿಗೆ ಹಾಕಿ, ಕುಡುಗೋಲು, ಹಗ್ಗ ಹಿಡಿದು ನಾಲೆ ಏರಿಗೆ ಹೋದರೆ ಬಿಸಿಲೇರುವವರೆಗೆ ಅವಳನ್ನು ಕೇಳುವವರಿರಲಿಲ್ಲ. ಹುಲ್ಲು ಕೊಯ್ಯುತ್ತ ಮನೆದೇವರು ಕರಿಘಟ್ಟದ ಸ್ವಾಮಿಗೆ ಮನೆಯ ಸುದ್ದಿಯನ್ನೆಲ್ಲ ಹೇಳಿಕೊಳ್ಳುತ್ತಿದ್ದಳು.

ಹೊರೆ ಕಟ್ಟಿದ ಮೇಲೆ ಮಾತ್ರ ಇನ್ನೊಬ್ಬರು ಬೇಕು. ಹಸಿ ಹುಲ್ಲಿನ ತುಂಬು ಹೊರೆ ಒಬ್ಬರೇ ತಲೆಗೇರಿಸುವಂಥದ್ದಲ್ಲ. ಏರಿಯ ಮೇಲೆ ಹೋಗುವವರು ಯಾರೇ ಆಗಲಿ, ಕೂಗಿದರೆ ನಿಂತು ಎತ್ತಿಸಿ ಹೋಗುತ್ತಾರೆ. ಯಾವೂರು, ಯಾರ ಮಗ ಎಂದು ಕೇಳುವುದು ಹೊರೆ ತಲೆಗೇರಿದ ಮೇಲೆ. ಅವಳಿಗೆ ಎತ್ತಿಸಿದವರಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ, ಪಾತ್ರೆ ಮಾರುವವನು, ಒಮ್ಮೆ ಅತ್ತೆಮನೆಗೆ ಹೊರಟಿದ್ದ ಹೊಸ ಮದುಮಗನೂ ಇದ್ದರು. ಮದುಮಗನ ಬಿಳಿ ಅಂಗಿಗೆ ಹುಲ್ಲಿನ ಕಲೆಯಾಗಿದ್ದನ್ನು ನೆನೆದು ಆಮೇಲೂ ನಗುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಬೈಕಿನಲ್ಲಿ ಬಂದವನನ್ನೂ ಅವಳೇ ಕರೆದಳು. “ವಸಿ ಒರೆ ಎತ್ತುಸು ಬಾ ಮಗ.”

ಅವನು ಇಳಿದು ಬಂದು ಎತ್ತಿಸಿದ. ಅವಳ ಎರಡು ಕೈಯೂ ತಲೆಯ ಮೇಲಿನ ಹೊರೆಯಲ್ಲಿದ್ದವು. ಅವನು ಮಾತ್ರ ಪಕ್ಕಕ್ಕೆ ಸರಿಯಲಿಲ್ಲ. ಅಂಗಿಯ ಹಿಂದಿನಿಂದ ಮಚ್ಚು ತೆಗೆದು, ಸರ ಬಿಚ್ಚು ಎಂದ.

ಚಿನ್ನ ಕೊಡುವುದಕ್ಕೆ ಅವಳು ಹಿಂದೆಗೆಯಲಿಲ್ಲ. ಆದರೆ ಆ ಸರದಲ್ಲೇ ತಾಳಿಯಿತ್ತು. ಗಂಡನಿರುವಾಗ ಅದನ್ನು ತನ್ನ ಕೈಯಾರೆ ಹೇಗೆ ತೆಗೆಯುವುದು? ಸರ, ಗುಂಡು ಎಲ್ಲ ತಗೊ, ತಾಳಿ ಒಂದು ಬುಡಪ್ಪ ಎಂದು ಬೇಡಿಕೊಂಡಳು. ಅವನು ಎಡಗೈಯಲ್ಲಿ ಸರ ಹಿಡಿದೆಳೆದು ಬಲಗೈ ಎತ್ತಿದ.

ಹಾಯಲು ಬಂದ ಹಸುವಿನೆದುರು ಹಿಂದಕ್ಕೆ ಸರಿಯದೆ ಅದರ ಕುತ್ತಿಗೆಗೆ ಒತ್ತಿಕೊಂಡು ನಿಲ್ಲುವುದು ಅವಳ ಮೈಗೆ ರೂಢಿ. ಮೈ ಈಗಲೂ ಅದನ್ನೇ ಮಾಡಿತು. ಹೊರೆಯನ್ನು ಎದೆಗೆ ಇಳಿಸಿಕೊಂಡು ಅವನ ಮೇಲೇ ನುಗ್ಗಿದಳು. ಮಚ್ಚು ಹುಲ್ಲಿನೊಳಗೆ ಇಳಿದು ಸಿಕ್ಕಿಕೊಂಡಿತು. ಅದರ ತುದಿ ಅವಳ ಮುಂಗೈ ಸೀಳಿದ್ದು ಆಗ ತಿಳಿಯಲೂ ಇಲ್ಲ. ಕೂಗುತ್ತ ತಳ್ಳಿದಳು, ಇನ್ನೂ ತಳ್ಳಿದಳು. ಅವನು ಕಾಲು ಜಾರಿ ಏರಿಯ ಕೆಳಕ್ಕೆ ಉರುಳಿದೊಡನೆ ಹೊರೆ ಬಿಟ್ಟು ಕಬ್ಬಿನ ಗದ್ದೆಯ ಕಡೆ ಓಡಿದಳು. ಕಬ್ಬು ಕಡಿಯುವವರು ಓಡಿಬಂದು ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಅವನು ಅವಳ ಮಗ ಲೋಕೇಶನ ವಯಸ್ಸಿನವನೇ.

ಕೈಗೆ ಹೊಲಿಗೆ ಬಿತ್ತು. ಊರೆಲ್ಲ ನೋಡಲು ಬಂತು. ಮಚ್ಚಿನ ಮುಂದೆ ಅಷ್ಟು ಧೈರ್ಯ ಹೇಗೆ ಬಂತು ಎಂದು ಹೆಂಗಸರು ಕೇಳಿದರು.

“ದೈರ್ಯ ಎಲ್ಲಿ ಬಂತವ್ವ? ಹಿಂದುಕ್ ಸರುದಿದ್ರೆ ಅವ್ನಿಗೆ ಬೀಸಕ್ಕೆ ಜಾಗ ಆಗ್ಬುಡೋದು, ಅಷ್ಟೇಯ,” ಎಂದಳು.

ಗಂಡ ಜವರಯ್ಯ ಅವಳ ಕತ್ತಿನಲ್ಲೇ ಉಳಿದಿದ್ದ ಸರವನ್ನು ಪೆಟ್ಟಿಗೆಗೆ ಸೇರಿಸಿ, ತಾಳಿಯನ್ನು ಅರಿಶಿನದ ದಾರದಲ್ಲಿ ಕಟ್ಟಿದ. ಹುಲ್ಲನ್ನು ಲೋಕೇಶ ಬೈಕಿನಲ್ಲಿ ತರತೊಡಗಿದ. ಅವಳು ಕೊಟ್ಟಿಗೆಯಲ್ಲಿ ನಿಂತು ಆ ಹುಲ್ಲನ್ನು ಮೂಸಿ ನೋಡುತ್ತಿದ್ದಳು. ಯಾವ ತೂಬಿನ ಹತ್ತಿರದ್ದೆಂದು ಗೊತ್ತಾಗುತ್ತಿತ್ತು. ದೇವರ ಗೂಡಿನ ಮುಂದೆ ಕುಳಿತರೂ ಏರಿಯ ಮೇಲೆ ಬರುತ್ತಿದ್ದಷ್ಟು ಮಾತು ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ, ಕತ್ತಿನಲ್ಲಿ ಚಿನ್ನವೇ ಇಲ್ಲವಲ್ಲ, ಇನ್ನೇನು ಭಯ ಎಂದು ಗಂಡನನ್ನು ಕೇಳಿದಳು.

“ಸರಕ್ಕೆ ಎದ್ರುದ್ನಾ ನಾನು?” ಎಂದ ಜವರಯ್ಯ. ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಲೇ ಇದ್ದ. ಆಮೇಲೆ, “ಓಗ್ಬುಟ್ಟು ಬ್ಯಾಗ ಬಂದ್ಬುಡು ಕಣಮ್ಮಿ,” ಎಂದ.

ಹೋದಳು. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಸ್ವಾಮಿಗೆ ಹೇಳಬೇಕಾದದ್ದು ತಿಂಗಳುಗಟ್ಟಲೆ ಉಳಿದಿತ್ತು. ಹೇಳುತ್ತ ಹೇಳುತ್ತ ಕೊಯ್ದಳು, ಹಳೆಯ ರೂಢಿಯಂತೆ ತುಂಬು ಹೊರೆಯನ್ನೇ ಕಟ್ಟಿದಳು.

ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಅವಳು ಕೂಗುವ ಮೊದಲೇ ಕಾಲೂರಿ ನಿಂತ. “ಎತ್ತುಸ್ಲಾ ಅವ್ವ?”

ಹೂಂ ಎನ್ನಬೇಕೆಂದೇ ಬಾಯಿ ತೆರೆದಳು.

“ಬ್ಯಾಡ ಕಣ್ ಮಗ, ಓಗು. ನನ್ ಮಗ ಬತ್ತಾವ್ನೆ,” ಎಂದಳು. ಯಾರೂ ಬರುವವರಿರಲಿಲ್ಲ.

ಹುಡುಗ ಸರಿ ಎಂದು ಪೆಡಲು ತುಳಿದ. ಅವಳು ಹಗ್ಗ ಬಿಚ್ಚಿ, ತಾನೊಬ್ಬಳೇ ಎತ್ತಬಲ್ಲಷ್ಟು ಹುಲ್ಲನ್ನು ಬೇರೆ ಮಾಡಿದಳು. ನಡುನಡುವೆ ತಲೆಯೆತ್ತಿ ಏರಿಯುದ್ದಕ್ಕೂ ನೋಡುತ್ತಿದ್ದಳು. ಹುಡುಗ ಇನ್ನೂ ಕೂಗಿದರೆ ಕೇಳುವಷ್ಟು ದೂರದಲ್ಲೇ ಇದ್ದ.