ಕಣಿವೆಯಲ್ಲಿ ನಾನು ಮುಂದೆ, ಅತ್ತೆ ಹಿಂದೆ

‘ಲಿಫ್ಟ್ ಸ್ಪಾಯಿಲ್ ಆ?’

ನಮ್ಮ ಬ್ಲಾಕಿನ ಮೂರನೇ ಮಹಡಿಯ ಚೀನೀ ಆಂಟಿ ಗಾಬರಿಯಿಂದ ಕೇಳಿದರು. ಪಾಪ, ಕೇಳದೆ ಇನ್ನೇನು ಮಾಡುತ್ತಾರೆ? ಬೆಳಗ್ಗೆ ಆರೂವರೆ. ಸಿಂಗಪುರದ ಜುರಾಂಗ್ ಈಸ್ಟ್‌ನ ನಮ್ಮ ಹದಿನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲು. ಅಲ್ಲಿ ನನ್ನ ಅರವತ್ತಾರು ವರ್ಷದ ಅತ್ತೆ ಚೂಡಿದಾರ್ ತೊಟ್ಟು, ಸ್ಪೋರ್ಟ್ಸ್ ಶೂ ಹಾಕಿ, ಬ್ಯಾಗಿನಲ್ಲಿ ಐದು ಕಿಲೋ ಸೋನಾ ಮಸೂರಿ ಹೊತ್ತು ಹತ್ತುತ್ತಿದ್ದಾರೆ. ಅವರ ಹಿಂದೆ ನನ್ನ ಹೆಂಡತಿ ಶುಭಾ, ಹತ್ತು ಕಿಲೋ ಹೊತ್ತು. ಅವಳ ಹಿಂದೆ ಹನ್ನೆರಡು ವರ್ಷದ ಮಗಳು ಇಂಚರ, ಮೂರು ಕಿಲೋ ತೊಗರಿಬೇಳೆ ಹೊತ್ತು. ಎಲ್ಲರಿಗಿಂತ ಕೊನೆಯಲ್ಲಿ, ಕಂಬಿ ಹಿಡಿದುಕೊಂಡು, ನಾನು. (ಯಾರಾದರೂ ಜಾರಿದರೆ ಹಿಡಿಯಲು ಒಬ್ಬರು ಬೇಕಲ್ಲ, ಅದಕ್ಕೆ.)

ಲಿಫ್ಟ್ ಚೆನ್ನಾಗಿದೆ, ನಾವು ಟ್ರೇನಿಂಗ್ ಮಾಡುತ್ತಿದ್ದೇವೆ ಎಂದೆ. ಅಮೆರಿಕದ ಮರುಭೂಮಿಯಲ್ಲಿ ಒಂದು ಕಣಿವೆಯಿದೆ, ಡಿಸೆಂಬರ್ ಚಳಿಯಲ್ಲಿ ನಾಲ್ಕು ದಿನ ಬೆನ್ನ ಮೇಲೆ ಮನೆ ಹೊತ್ತುಕೊಂಡು ಅದರೊಳಗೆ ನಡೆಯುತ್ತೇವೆ ಎಂದೆ. ಆಂಟಿ ನಮ್ಮೆಲ್ಲರ ಮುಖ ನೋಡಿ, ‘ಬಿ ಕೇರ್‌ಫುಲ್ ಹಾ’ ಎಂದರು. ಅತ್ತೆಗೆ ಹೇಳಿದ್ದು ಎಂದುಕೊಂಡೆ.

ಈ ಹುಚ್ಚು ಶುಭಾಳದ್ದು. ಕಾಲೇಜಿನಲ್ಲಿದ್ದಾಗ ಯಾವುದೋ ಕ್ಯಾಲೆಂಡರಿನಲ್ಲಿ ಆ ಕಣಿವೆಯ ಚಿತ್ರ ನೋಡಿದ್ದಳಂತೆ. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ನಡುವೆ ಹಿಮ ಹೆಪ್ಪುಗಟ್ಟಿದ ಸಣ್ಣ ಹೊಳೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕು ಎನ್ನುವುದು ಆಗಿನಿಂದ ಆಸೆ. ಒಮ್ಮೆ ಟಿಕೆಟ್ ಬುಕ್ ಮಾಡಿದೆವು. ಆಮೇಲೆ ಇಂಚರ ಹೊಟ್ಟೆಯಲ್ಲಿದ್ದಾಳೆಂದು ತಿಳಿಯಿತು. ಇನ್ನೊಮ್ಮೆ ಬುಕ್ ಮಾಡಿದೆವು. ಕೋವಿಡ್ ಬಂತು. ಈ ಸಲ ಮಗಳ ಪ್ರೈಮರಿ ಪರೀಕ್ಷೆ ಮುಗಿದ ದಿನವೇ ಲ್ಯಾಪ್‌ಟಾಪ್ ತೆರೆದು ಕೂತಳು.

‘ರೀ, ಈ ಸಲ ಆಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಕೇಳಲ್ಲ’ ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ತಣ್ಣಗೆ ಹೇಳಿದಳು. ನಾನು ರಜೆ ಹಾಕಿದೆ.

ಶುಭಾ ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಯಲ್ಲಿ ಸೇಫ್ಟಿ ಇಂಜಿನಿಯರ್. ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ, ಎಲ್ಲಿ ಏನು ಸಿಡಿಯಬಹುದು ಎಂದು ಪಟ್ಟಿ ಮಾಡಿ ಬರುವುದೇ ಅವಳ ಕೆಲಸ. ಮನೆಯಲ್ಲೂ ಪಟ್ಟಿ ಶುರುವಾಯಿತು. ಫ್ರಿಜ್ಜಿನ ಬಾಗಿಲು ತುಂಬಾ ಚೆಕ್‌ಲಿಸ್ಟ್. ಸಿಂಗಪುರದಲ್ಲಿ ಚಳಿ ಎಲ್ಲಿಂದ ತರೋಣ? ಏಸಿಯನ್ನು ಹದಿನಾರಕ್ಕೆ ಇಟ್ಟು, ನಾಲ್ವರೂ ಹಾಲ್‌ನಲ್ಲಿ ಸ್ಲೀಪಿಂಗ್ ಬ್ಯಾಗ್‌ನೊಳಗೆ ಮಲಗಿ ಟೆಸ್ಟ್ ಮಾಡಿದೆವು. ನನಗೆ ಸೆಖೆಯಾಯಿತು.

ಅತ್ತೆ ಬರುತ್ತೇನೆ ಎಂದಾಗ ವಿರೋಧಿಸಿದವನು ನಾನೊಬ್ಬನೇ. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು.

‘ಅತ್ತೆ, ಅಲ್ಲಿ ಮೈನಸ್ ಹತ್ತು ಡಿಗ್ರಿ ಇರುತ್ತೆ.’

‘ಸ್ವೆಟರ್ ಹಾಕ್ಕೋತೀನಿ ಬಿಡಿ.’

ಅತ್ತೆ ಆರೋಗ್ಯ ಇಲಾಖೆಯಲ್ಲಿ ನರ್ಸ್ ಆಗಿದ್ದವರು. ಮೂವತ್ತು ಚಿಲ್ಲರೆ ವರ್ಷ ಲಸಿಕೆಯ ಡಬ್ಬಿ ಹಿಡಿದುಕೊಂಡು ಬಸ್ಸಿಲ್ಲದ ಊರುಗಳಿಗೆಲ್ಲ ನಡೆದವರು. ಇದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ತಲೆಗೆ ಹೋಗುವುದು ಬೇರೆ ಅಲ್ಲವೇ? ನನ್ನ ಲೆಕ್ಕದಲ್ಲಿ ಅವರು ವಯಸ್ಸಾದವರು. ನಾನು ನಲವತ್ತೆಂಟರ ಯುವಕ. ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ಯುವಕ.

ಅಂತೂ ಹೋದೆವು. ನಮ್ಮ ಬಾಡಿಗೆ ಕಾರನ್ನು ಕಣಿವೆಯ ಕೆಳತುದಿಯಲ್ಲಿ ನಿಲ್ಲಿಸಿ, ವ್ಯಾನ್ ಹಿಡಿದು ಮೇಲ್ತುದಿಗೆ ಬಂದಿಳಿದೆವು. ವ್ಯಾನ್ ಹೊರಟು ಹೋದ ಮೇಲೆ ಒಂದು ಸದ್ದೂ ಇಲ್ಲ. ಎಂಆರ್‌ಟಿ ರೈಲಿನ ಬಾಗಿಲು ಮುಚ್ಚುವ ಸದ್ದಿಲ್ಲದೆ ನಾನು ಹದಿನೈದು ವರ್ಷದಲ್ಲಿ ಒಂದು ದಿನವೂ ಕಳೆದಿರಲಿಲ್ಲ. ಕಿವಿಗೆ ಏನೋ ಆಗಿದೆ ಎಂದುಕೊಂಡೆ.

ಶುಭಾ ನಮ್ಮನ್ನು ಸಾಲಾಗಿ ನಿಲ್ಲಿಸಿ, ರಿಫೈನರಿಯಲ್ಲಿ ಹೇಳುವ ಹಾಗೆಯೇ ನಿಯಮ ಹೇಳಿದಳು. ‘ನಾಳೆ ಮಧ್ಯಾಹ್ನ ಎರಡು ಗಂಟೆ ಒಳಗೆ ಎರಡು ಹೊಳೆ ಸೇರೋ ಜಾಗ ಮುಟ್ಬೇಕು. ಮುಟ್ಟಿದ್ರೆ ಮುಂದೆ. ಇಲ್ಲ ಅಂದ್ರೆ ಅಲ್ಲಿಂದಲೇ ವಾಪಸ್. ಊಟ ನಾಲ್ಕೇ ದಿನಕ್ಕಿದೆ, ಐದನೇ ದಿನ ಸ್ನೋ ಫೋರ್‌ಕಾಸ್ಟ್ ಇದೆ. ನೋ ಡಿಸ್ಕಷನ್.’

ಆಮೇಲೆ ನನ್ನ ಕಡೆ ತಿರುಗಿ, ‘ರೀ, ನೀವು ಮುಂದೆ ನಡೀರಿ. ಆಮೇಲೆ ಅಮ್ಮ, ಇಂಚರ. ನಾನು ಲಾಸ್ಟ್’ ಎಂದಳು.

ಎದೆ ಉಬ್ಬಿತು ಸ್ವಾಮಿ. ಸುಳ್ಳು ಯಾಕೆ ಹೇಳಲಿ? ಎಷ್ಟು ಚೆಕ್‌ಲಿಸ್ಟ್ ಬರೆದರೇನು, ಕಾಡಿಗೆ ಬಂದ ಮೇಲೆ ಮನೆ ಯಜಮಾನ ಮುಂದೆ ಇರಲೇಬೇಕು ತಾನೇ? ಸೊಂಟದ ಬೆಲ್ಟ್ ಬಿಗಿದು, ಕೋಲು ಊರಿ, ನಾಯಕನ ಗತ್ತಿನಲ್ಲಿ ಹೊರಟೆ.

ಆ ಕಣಿವೆಯ ಬಗ್ಗೆ ಹೇಳಲೇಬೇಕು. ನಮ್ಮ ಹದಿನಾಲ್ಕು ಮಹಡಿಯನ್ನು ಮೂರು ಸಲ ಒಂದರ ಮೇಲೊಂದು ಇಟ್ಟರೂ ಮುಟ್ಟದಷ್ಟು ಎತ್ತರದ ಗೋಡೆ. ಬಿಸಿಲು ಕೆಳಗಿಳಿಯುವುದು ಮಧ್ಯಾಹ್ನ ಒಂದೆರಡು ತಾಸು ಮಾತ್ರ. ಆ ಬಿಸಿಲು ಬಿದ್ದಾಗ ಇಡೀ ಗೋಡೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಕೆಂಪಾಗುತ್ತದೆ. ಹೊಳೆಯ ಅಂಚಿನಲ್ಲಿ ಗಾಜಿನಂಥ ಮಂಜುಗಡ್ಡೆ. ಇಂಚರ ಅದರ ಮೇಲೆ ಕಾಲಿಟ್ಟು ಪಟಪಟ ಒಡೆದು, ‘ಲೈಕ್ ಹಪ್ಪಳ!’ ಎಂದು ಕೂಗಿದಳು. ಬೆಳಗ್ಗೆ ಎದ್ದರೆ ತುಪ್ಪ ಕಲ್ಲಾಗಿರುತ್ತಿತ್ತು. ನೀರು ಸೋಸುವ ಫಿಲ್ಟರ್ ಹೆಪ್ಪುಗಟ್ಟಿದರೆ ಕೆಟ್ಟು ಹೋಗುತ್ತದೆಂದು ಶುಭಾ ಅದನ್ನು ಎಳೆ ಮಗುವಿನ ಹಾಗೆ ಸ್ಲೀಪಿಂಗ್ ಬ್ಯಾಗ್‌ನೊಳಗೆ ತಬ್ಬಿಕೊಂಡು ಮಲಗುತ್ತಿದ್ದಳು. ಊಟಕ್ಕೆ ಅತ್ತೆ ಮನೆಯಲ್ಲೇ ಕಲಸಿ ತಂದ ಗೊಜ್ಜವಲಕ್ಕಿ. ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಮುಗಿಯಿತು. (ಆ ಕಣಿವೆಯ ನಿಯಮದಂತೆ ತಂದದ್ದೆಲ್ಲವನ್ನೂ ವಾಪಸ್ ಹೊತ್ತುಕೊಂಡು ಬರಬೇಕು. ತಿಂದ ಮೇಲೆ ಏನಾಗುತ್ತದೋ ಅದನ್ನೂ, ಚೀಲದಲ್ಲಿ ಕಟ್ಟಿಕೊಂಡು. ನಾನು ಮುಖ ಕಿವುಚಿದೆ. ಅತ್ತೆ, ‘ಎಷ್ಟು ಮಕ್ಕಳ ಬಟ್ಟೆ ಬದಲಾಯಿಸಿಲ್ಲ ನಾನು’ ಎಂದು ನಕ್ಕರು.)

ಮೊದಲ ದಿನ ಅತ್ತೆ ಪದೇ ಪದೇ ನಿಲ್ಲಿಸುತ್ತಿದ್ದರು. ‘ರಾಘು, ಒಂದ್ನಿಮಿಷ. ಆ ಬಂಡೆ ನೋಡಿ, ಎಷ್ಟು ಚೆನ್ನಾಗಿದೆ.’ ಇನ್ನೊಂದು ಇಪ್ಪತ್ತು ನಿಮಿಷಕ್ಕೆ, ‘ರಾಘು, ಲೇಸ್ ಬಿಚ್ಕೊಂಡಿದೆ.’ ಮತ್ತೆ, ‘ಸ್ವಲ್ಪ ನೀರು ಕುಡಿಯೋಣ್ವಾ?’ ಪಾಪ, ವಯಸ್ಸು ಎಂದುಕೊಂಡು ನಾನು ಉದಾರವಾಗಿ ನಿಲ್ಲುತ್ತಿದ್ದೆ. ‘ಪರವಾಗಿಲ್ಲ ಅತ್ತೆ, ಆರಾಮಾಗಿ ಬನ್ನಿ, ನಂಗೇನು ಅರ್ಜೆಂಟ್ ಇಲ್ಲ’ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ನಿಂತಾಗಲೆಲ್ಲ ನನಗೂ ಹಾಯೆನಿಸುತ್ತಿತ್ತು. ಸಂಜೆಯ ಹೊತ್ತಿಗೆ ನನ್ನ ಬಲ ಮಂಡಿ ಹೊಡೆದುಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ನಾಯಕನಿಗೆ ಮಂಡಿ ನೋವು ಎಂದರೆ ಏನು ಚೆನ್ನ?

ಎರಡನೇ ದಿನ ಹನ್ನೊಂದೂವರೆ ಆಗಿತ್ತು. ಹೊಳೆ ಸೇರುವ ಜಾಗ ಮ್ಯಾಪಿನಲ್ಲಿ ಇನ್ನೂ ದೂರವಿತ್ತು. ಮಂಡಿ ಊದಿ, ಇಳಿಜಾರಿನಲ್ಲಿ ಕಾಲಿಟ್ಟರೆ ಪ್ರಾಣ ಹೋದಂತಾಗುತ್ತಿತ್ತು. ಆಗ ನಾನು ಏನು ಮಾಡಿದೆ ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬ್ಯಾಗ್ ಇಳಿಸಿ, ಗಂಭೀರವಾಗಿ, ‘ಶುಭಾ, ಅತ್ತೆಗೆ ತುಂಬಾ ಕಷ್ಟ ಆಗ್ತಿದೆ. ಅವರ ವಯಸ್ಸೂ ನೋಡ್ಬೇಕು. ವಾಪಸ್ ಹೋಗೋಣ’ ಎಂದೆ.

ಶುಭಾಳ ಮುಖ ಒಮ್ಮೆಗೇ ಬಾಡಿ ಹೋಯಿತು. ಇಪ್ಪತ್ತೈದು ವರ್ಷದ ಆಸೆ. ವಾಚ್ ನೋಡಿದಳು. ನಾವು ಬಂದ ದಾರಿ ನೋಡಿದಳು. ‘ಆಯ್ತು’ ಎನ್ನಲು ಬಾಯಿ ತೆರೆದಿದ್ದಳು ಎಂದೇ ನನ್ನ ನಂಬಿಕೆ.

ಅಷ್ಟರಲ್ಲಿ ಸಿಡಿದದ್ದು ಇಂಚರ.

‘ಅಪ್ಪಾ! ಅಜ್ಜಿ ಓಕೆ ಲಾ! ನೀನೇ ಸ್ಲೋ. ಅದಕ್ಕೇ ನಿನ್ನನ್ನ ಫ್ರಂಟಲ್ಲಿ ಹಾಕಿರೋದು!’

‘ಏನೇ ಹಾಗಂದ್ರೆ?’

‘ಸ್ಲೋಯೆಸ್ಟ್ ಪರ್ಸನ್ ಮುಂದೆ ಹೋಗ್ಬೇಕು. ಆಗ ಯಾರೂ ಹಿಂದೆ ಉಳಿಯಲ್ಲ. ಸ್ಕೂಲ್ ಕ್ಯಾಂಪಲ್ಲಿ ಫಸ್ಟ್ ಡೇನೇ ಹೇಳ್ಕೊಡ್ತಾರೆ. ನಿಂಗೆ ಗೊತ್ತಿರ್ಲಿಲ್ವಾ?’

ನಾನು ಶುಭಾಳ ಮುಖ ನೋಡಿದೆ. ಅವಳು ಆಕಾಶ ನೋಡಿದಳು.

‘ಮೊದಲೇ ಹೇಳಬಾರದಿತ್ತಾ?’

‘ಹೇಳಿದ್ದಿದ್ರೆ ನೀವು ಮುಂದೆ ನಡೀತಿದ್ರಾ?’

ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ತಲೆಯೊಳಗೆ ಮಾತ್ರ ಒಂದೊಂದೇ ಬಿಚ್ಚಿಕೊಳ್ಳುತ್ತಿತ್ತು. ಬಂಡೆ ಚೆನ್ನಾಗಿದೆ ಎಂದು ನಿಲ್ಲಿಸಿದ್ದು, ನನಗೆ ಏದುಸಿರು ಬಂದಾಗ. ಲೇಸ್ ಬಿಚ್ಚಿಕೊಂಡದ್ದು, ನಾನು ಕುಂಟಿದಾಗ. ಅತ್ತೆ ಒಂದು ಸಲವೂ ತಮಗಾಗಿ ನಿಂತಿರಲಿಲ್ಲ!

‘ಬಲಗಾಲು ಚಾಚಿ ಕೂತ್ಕೊಳ್ಳಿ’ ಎಂದರು ಅತ್ತೆ. ಬ್ಯಾಗಿನಿಂದ ಕ್ರೇಪ್ ಬ್ಯಾಂಡೇಜ್ ತೆಗೆದು ಮಂಡಿಗೆ ಸುತ್ತತೊಡಗಿದರು. ಕೈ ಎಷ್ಟು ಹಗುರ, ಎಷ್ಟು ಗಟ್ಟಿ. ‘ನಿನ್ನೆ ಮಧ್ಯಾಹ್ನದಿಂದ ನೋಡ್ತಿದ್ದೀನಿ. ನೋವು ಮುಚ್ಚಿಡೋ ಗಂಡಸರನ್ನ ಸರ್ವಿಸ್ ತುಂಬಾ ನೋಡಿದ್ದೀನಿ ರಾಘು. ನೀವಾಗೇ ಹೇಳ್ತೀರಿ ಅಂತ ಕಾದೆ.’ ಗಂಟು ಬಿಗಿದು, ತಲೆಯೆತ್ತಿ, ಮೆಲ್ಲಗೆ ಹೇಳಿದರು. ‘ನನ್ನ ಹೆಸರು ಹೇಳ್ಕೊಂಡು ನನ್ನ ಮಗಳನ್ನ ವಾಪಸ್ ಕರ್ಕೊಂಡು ಹೋಗ್ಬೇಡಿ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತಗಿನ ದನಿಗೆ ಕಣ್ಣಲ್ಲಿ ನೀರು ಬಂತು. ‘ತಪ್ಪಾಯ್ತು ಅತ್ತೆ. ನಂಗೆ ನೋವಾಗ್ತಿದೆ’ ಎಂದೆ. ಈ ಎರಡು ಮಾತು ಹೇಳುವುದು ಆ ಬ್ಯಾಗ್ ಹೊರುವುದಕ್ಕಿಂತ ಕಷ್ಟವಾಯಿತು.

ಮುಂದಿನ ಹತ್ತು ನಿಮಿಷದಲ್ಲಿ ನನ್ನ ಸಾಮ್ರಾಜ್ಯ ಹಂಚಿ ಹೋಯಿತು. ಟೆಂಟ್ ಶುಭಾ ತೆಗೆದುಕೊಂಡಳು. ಒಲೆ, ಪಾತ್ರೆ ಅತ್ತೆಯ ಬ್ಯಾಗಿಗೆ. ನನ್ನ ಚಾಪೆ ಇಂಚರಳ ಬೆನ್ನಿಗೆ. ನನಗೆ ಉಳಿದದ್ದು ನನ್ನ ಸ್ಲೀಪಿಂಗ್ ಬ್ಯಾಗ್ ಮತ್ತು ಒಂದು ಬಾಟಲಿ ನೀರು. ‘ಇನ್ನೂ ಎರಡು ಗಂಟೆ ಚಿಲ್ಲರೆ ಇದೆ. ನಡೀತೀರಾ?’ ಎಂದಳು ಶುಭಾ. ಈ ಸಲ ಕೇಳಿದ್ದು ನನ್ನನ್ನು ಮತ್ತು ನನ್ನ ಮಂಡಿಯನ್ನು. ನಡೆಯುತ್ತೇನೆ ಎಂದೆ.

ಮತ್ತೆ ನಾನೇ ಮುಂದೆ. ಗತ್ತು ಹೋಗಿತ್ತು. ಆದರೆ ನೋವಾದಾಗ ‘ನಿಲ್ಲಿ’ ಎನ್ನಲು ಧೈರ್ಯ ಬಂದಿತ್ತು. ವಿಚಿತ್ರ ನೋಡಿ, ಬಾಯಿಬಿಟ್ಟು ಹೇಳಿ ನಿಂತಾಗ ಅರ್ಧ ನಿಮಿಷ ಸಾಕಾಗುತ್ತಿತ್ತು. ಹಿಂದಿನ ದಿನ ನಾಟಕವಾಡುತ್ತಾ ನಿಂತದ್ದೇ ಗಂಟೆಗಟ್ಟಲೆಯಾಗಿತ್ತು. ಹೊಳೆ ದಾಟುವಾಗ ಅತ್ತೆ ನನ್ನ ತೋಳು ಹಿಡಿದರು, ನಾನು ಕೊಸರಿಕೊಳ್ಳಲಿಲ್ಲ. ಎರಡು ಹೊಳೆ ಸೇರುವ ಮರಳಿನ ಮೇಲೆ ಕಾಲಿಟ್ಟಾಗ ಎರಡಕ್ಕೆ ಹತ್ತು ನಿಮಿಷ. ಶುಭಾ ವಾಚ್ ನೋಡಿ, ಬ್ಯಾಗ್ ಸಮೇತ ಮರಳಿನ ಮೇಲೆ ಕುಸಿದು ಕೂತು, ಜೋರಾಗಿ ಅತ್ತಳು. ರಿಫೈನರಿಯ ಗಂಡಾಳುಗಳನ್ನು ಹೆದರಿಸುವ ನನ್ನ ಹೆಂಡತಿ! ಇಂಚರ ಅವಳನ್ನು ತಬ್ಬಿಕೊಂಡು, ‘ಅಮ್ಮಾ, ಡೋಂಟ್ ಕ್ರೈ ಲಾ, ವಿ ಮೇಡ್ ಇಟ್’ ಎಂದು ತಾನೂ ಅತ್ತಳು. ಅತ್ತೆ ಒಲೆ ಹಚ್ಚಿ ಕಾಫಿಗೆ ನೀರಿಟ್ಟರು.

ನಾಲ್ಕನೇ ದಿನ ಮಧ್ಯಾಹ್ನ ಕಣಿವೆ ಅಗಲವಾಯಿತು. ದೂರದಲ್ಲಿ ನಮ್ಮ ಕಾರು ಬೆಂಕಿಪೊಟ್ಟಣದಷ್ಟು ಕಂಡಿತು. ದಾರಿ ನೇರ, ಸಮತಟ್ಟು, ಅಪಾಯವೇನೂ ಇಲ್ಲ. ನಾನು ಪಕ್ಕಕ್ಕೆ ಸರಿದು ನಿಂತೆ.

‘ಶುಭಾ, ಇನ್ನು ನೀನು ಮುಂದೆ ಹೋಗು. ನಿನ್ನ ಸ್ಪೀಡಲ್ಲಿ ಹೋಗು. ನಾನು ಅತ್ತೆ ಜೊತೆ ಬರ್ತೀನಿ.’

‘ಬೇಡ ರೀ, ಒಟ್ಟಿಗೆ ಹೋಗೋಣ.’

‘ಹೋಗು ಮಾರಾಯ್ತಿ. ಒಂದ್ಸಲ ನೋಡ್ಬೇಕು ನಂಗೆ.’

ಹೋದಳು. ಅಬ್ಬಾ, ಏನು ನಡಿಗೆ ಅದು! ಟೆಂಟ್ ಹೊತ್ತ ಬೆನ್ನು, ಉದ್ದುದ್ದ ಹೆಜ್ಜೆ, ಒಮ್ಮೆಯೂ ತಡವರಿಸಲಿಲ್ಲ. ಐದೇ ನಿಮಿಷಕ್ಕೆ ಚುಕ್ಕಿಯಷ್ಟಾದಳು. ಮದುವೆಯಾಗಿ ಹದಿನೆಂಟು ವರ್ಷ. ಅವಳು ನಿಜಕ್ಕೂ ಎಷ್ಟು ಬೇಗ ನಡೆಯಬಲ್ಲಳು ಎಂದು ನಾನು ನೋಡಿದ್ದು ಅಂದೇ.

ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ‘ಚಿಕ್ಕವಳಿದ್ದಾಗಲೂ ಹಾಗೇ. ಅವಳ ಜೊತೆ ನಡೆಯೋಕೆ ನಾನು ಓಡ್ಬೇಕಿತ್ತು’ ಎಂದರು.

ವಾಪಸ್ ಬರುವ ವಿಮಾನದಲ್ಲಿ ಮಂಡಿಗೆ ಐಸ್ ಇಟ್ಟುಕೊಂಡು ಯೋಚಿಸಿದೆ. ಸಿಂಗಪುರಕ್ಕೆ ಮೊದಲು ಕೆಲಸ ಸಿಕ್ಕಿದ್ದು ನನಗೆ. ಅವಳು ಬೆಂಗಳೂರಿನ ಒಳ್ಳೆಯ ಕೆಲಸ ಬಿಟ್ಟು ನನ್ನ ಹೆಂಡತಿ ಎಂಬ ಲೆಕ್ಕದಲ್ಲಿ ಸಿಗುವ ಡಿಪೆಂಡೆಂಟ್ ಪಾಸ್‌ನಲ್ಲಿ ಬಂದಳು. ಮೂರು ವರ್ಷ ಮನೆಯಲ್ಲಿ ಕೂತಳು. ನನ್ನ ಪ್ರಮೋಷನ್, ನನ್ನ ಕಾಯಂ ವಾಸದ ಪಿಆರ್, ನನ್ನ ಆಫೀಸಿಗೆ ಹತ್ತಿರವೆಂದು ಮೊದಲು ತೆಗೆದುಕೊಂಡ ಮನೆ. ನಾನು ದಾರಿ ತೋರಿಸುತ್ತಾ ಮುಂದೆ ನಡೆಯುತ್ತಿದ್ದೇನೆ ಎಂದೇ ತಿಳಿದಿದ್ದೆ. ಹಿಂದಿನವರು ಹೆಜ್ಜೆ ಸಣ್ಣದು ಮಾಡಿಕೊಂಡದ್ದು ನನಗೆ ಕಾಣಲಿಲ್ಲ. ಮುಂದೆ ನಡೆಯುವವನಿಗೆ ಹಿಂದಿನವರ ಕಾಲು ಹೇಗೆ ಕಾಣಬೇಕು ಹೇಳಿ?

ನಿಮ್ಮ ಮನೆಯಲ್ಲಿ ಮುಂದೆ ನಡೆಯುವವರು ಯಾರು? ನೀವೇ ಆಗಿದ್ದರೆ, ಒಮ್ಮೆ ಹಿಂದಕ್ಕೆ ತಿರುಗಿ ಕೇಳಿ ನೋಡಿ: ಯಾಕೆ?