ಕೊನೆಯ ಸರದಿಯಲ್ಲಿ ಬಿಟ್ಟ ಹೆಸರು

ಶರೀಫ್ ಭಾಯ್, ನಿಮ್ಮ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ. ಆ ಪರೀಕ್ಷೆ ಮಾಡಿದವನು ನಾನು. ಫಲಿತಾಂಶವನ್ನು ನನ್ನ ಕೈಯಾರೆ ಬರೆದವನೂ ನಾನೇ. ನಿಮ್ಮ ಲಿವರ್ ಕೆಟ್ಟಿದೆ ಎಂದು ನಾನು ಹೇಳಿದ್ದು ಸುಳ್ಳು. ತಪ್ಪು ತಿಳಿವಳಿಕೆಯಲ್ಲ, ಬಾಯಿತಪ್ಪಿ ಬಂದ ಮಾತಲ್ಲ — ಹಸಿ ಸುಳ್ಳು. ಅದೂ ಎಂಥ ಘನಕಾರ್ಯಕ್ಕೆ? ಒಂದು ಫುಟ್‌ಬಾಲ್ ತಂಡದ ಹದಿನಾಲ್ಕನೇ ಆಟಗಾರ ಯಾರಾಗಬೇಕೆಂಬ ಚರ್ಚೆಯಲ್ಲಿ ಗೆಲ್ಲುವುದಕ್ಕೆ.

ಎಂಬತ್ತರ ದಶಕ ಅದು. ಸೌದಿಯ ಅಭಾ ಎಂಬ ಊರಿನ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್, ನೀವು ಲಾಂಡ್ರಿಯಲ್ಲಿ. ನಾನು ಬಂಟ್ವಾಳದವನು, ನೀವು ಗಂಗೊಳ್ಳಿಯವರು. ನನ್ನ ಮೈಮೇಲಿನ ಬಿಳಿ ಕೋಟನ್ನು ಒಗೆಯುತ್ತಿದ್ದವರು ನೀವು. ಆ ಕೋಟು ತೊಟ್ಟವನು ಹೇಳಿದ್ದನ್ನು ಜನ ಎರಡನೇ ಸಲ ಕೇಳುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಶುಕ್ರವಾರಗಳಲ್ಲಿ ಆಸ್ಪತ್ರೆಯ ಹಿಂದಿನ ಗಟ್ಟಿ ನೆಲದ ಮೈದಾನದಲ್ಲಿ ನಾವು ಆಡುತ್ತಿದ್ದೆವು. ಬೆಟ್ಟದಿಂದ ಮಂಗಗಳ ಹಿಂಡು ಇಳಿದು ಬಂದರೆ ಅವು ಹೋಗುವ ತನಕ ಆಟ ನಿಲ್ಲುತ್ತಿತ್ತು. ಆ ವರ್ಷ ನಾಲ್ಕು ತಂಡ ಮಾಡಿ ಪಂದ್ಯಾಟ ನಡೆಸುವುದೆಂದಾಯಿತು. ಒಳ್ಳೆಯ ಆಟಗಾರರೆಲ್ಲ ಒಂದೇ ಕಡೆ ಸೇರಬಾರದೆಂದು ಎಲ್ಲರ ಹೆಸರನ್ನೂ ಒಂದು ಪಟ್ಟಿಯಲ್ಲಿ ಬರೆದು, ನಾಯಕರು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಬೇಕಿತ್ತು. ನಮ್ಮ ನಾಯಕ ಔಷಧ ಸ್ಟೋರಿನ ಬಾವಾ. ಅವನ ಜೊತೆ ಎಕ್ಸ್‌ರೇಯ ವಿನ್ಸೆಂಟ್ ಮತ್ತು ನಾನು. ಕೊನೆಯ ಸರದಿ ನಮ್ಮದು. ಪಟ್ಟಿಯಲ್ಲಿ ಉಳಿದದ್ದು ಎರಡೇ ಹೆಸರು — ನೀವು, ಮತ್ತು ಆಂಬುಲೆನ್ಸ್ ಡ್ರೈವರ್ ಜಮಾಲ್.

ನನ್ನ ಹೊಟ್ಟೆಯೊಳಗಿನ ಕಿಚ್ಚು ನಿಮಗೆ ಗೊತ್ತಿರಲಿಲ್ಲ. ಹಿಂದಿನ ಶುಕ್ರವಾರದ ಅಭ್ಯಾಸದಲ್ಲಿ ನೀವು ಎಡಗಾಲಿನಿಂದ ಚೆಂಡನ್ನು ಸರಿಸಿಕೊಂಡು ಮೂರು ಸಲ ನನ್ನನ್ನು ದಾಟಿ ಹೋಗಿದ್ದಿರಿ. ಮೂರನೇ ಸಲ ನಾನು ಕಾಲು ಸಿಕ್ಕಿಕೊಂಡು ಅಂಡೂರಿ ಬಿದ್ದೆ. ಸುತ್ತ ನಿಂತವರು ನಕ್ಕರು. ನೀವು ನಗಲಿಲ್ಲ. ಹಿಂದಕ್ಕೆ ಬಂದು, ಎಬ್ಬಿಸಲು ಕೈ ಕೊಟ್ಟಿರಿ. ನಾನು ಹಿಡಿಯಲಿಲ್ಲ. ಲಾಂಡ್ರಿಯವನ ಕೈ — ಹೌದು, ಹಾಗೆಯೇ ಯೋಚಿಸಿದೆ. ಥೂ!

"ಶರೀಫನಿಗೆ ವಯಸ್ಸಾಯ್ತು" ಎಂದ ವಿನ್ಸೆಂಟ್. "ಎರಡು ಸಲ ಓಡಿದ್ರೆ ಮೂರನೇ ಸಲ ಕೂತ್ಕೊಳ್ತಾನೆ. ಜಮಾಲ್ ಕುದುರೆ ಹಾಗೆ ಓಡ್ತಾನೆ."

"ಓಡಿ ಎಂತ ಮಾಡುದು ಮಾರಾಯ? ಜಮಾಲನ ಕಾಲಲ್ಲಿ ಚೆಂಡು ನಿಲ್ಲುದಿಲ್ಲ" ಎಂದ ಬಾವಾ. "ಶರೀಫನ ಎಡಗಾಲು ನೋಡಿದ್ದೀಯಲ್ಲ? ಕಡೇ ಇಪ್ಪತ್ತು ನಿಮಿಷಕ್ಕೆ ಇಳಿಸಿದ್ರೆ ಸಾಕು, ಒಂದು ಗೋಲು ಖಂಡಿತ."

ಬಾವಾ ಪೆನ್ನು ತೆಗೆದು ನಿಮ್ಮ ಹೆಸರಿನ ಮುಂದೆ ಗುರುತು ಹಾಕುವುದರಲ್ಲಿದ್ದ. ಆಗ ನಾನು ಹೇಳಿದೆ:

"ಅವನ ಬ್ಲಡ್ ರಿಪೋರ್ಟ್ ನಾನು ನೋಡಿದ್ದೇನೆ. ಲಿವರ್ ಹೋಗಿದೆ, ಅಂಟುವ ಕಾಯಿಲೆ. ಮತ್ತೆ ನಿಮ್ಮಿಷ್ಟ."

ಇಷ್ಟೇ. ಇಬ್ಬರೂ ನನ್ನ ಮುಖ ನೋಡಿದರು. ಬಾವಾ ಏನೂ ಕೇಳದೆ ಜಮಾಲನ ಹೆಸರಿಗೆ ಗುರುತು ಹಾಕಿದ. ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿಯ ನವೀಕರಣಕ್ಕೆಂದು ನೀವು ರಕ್ತ ಕೊಟ್ಟು ಇನ್ನೂ ಹತ್ತು ದಿನ ಆಗಿರಲಿಲ್ಲ. ಎಲ್ಲ ಸರಿಯಾಗಿದೆ ಎಂದು ನಾನೇ ರಿಜಿಸ್ಟರಿನಲ್ಲಿ ಬರೆದಿದ್ದೆ.

ಯಾರಿಗೂ ಹೇಳಬೇಡಿ ಎಂದು ಅವರಿಗೆ ಹೇಳಿದ್ದೆನೇ? ಇಲ್ಲ. ಹೇಳಿದ್ದರೂ ಅಂಥ ಮಾತು ನಿಲ್ಲುತ್ತದೆಯೇ? ಒಂದೇ ವಾರದಲ್ಲಿ ನಿಮ್ಮ ರೂಮಿನವರು ನಿಮ್ಮ ತಟ್ಟೆ, ಲೋಟ ಬೇರೆ ಇಟ್ಟರು. ಆಮೇಲೆ ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ಸರಿಸಿದರು. ನಾನು ಹೇಳಿದಂಥ ಕಾಯಿಲೆ ನಿಜವಾಗಿದ್ದರೂ ಅದು ಊಟದ ತಟ್ಟೆಯಿಂದ ಹರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟನ್ನಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಮಾತು ನಿಮ್ಮ ಲಾಂಡ್ರಿ ಕಂಪನಿಯ ಸೂಪರ್‌ವೈಸರ್‌ನ ಕಿವಿಗೂ ಹೋಯಿತು. ಆ ಮಹಾನುಭಾವ ಒಂದು ಕಾಗದ ತರಿಸಿ ನೋಡಲಿಲ್ಲ. ಲ್ಯಾಬಿನವನೇ ಹೇಳಿದ್ದಾನಂತೆ, ಮತ್ತೇನು ನೋಡುವುದು ಎಂದನಂತೆ. ನಿಮ್ಮ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು. ಮುಂದುವರಿಸುವುದಿಲ್ಲ ಎಂದುಬಿಟ್ಟ.

ಆಗ ನೀವು ಲ್ಯಾಬಿಗೆ ಬಂದಿರಿ. ಅದನ್ನು ಬರೆಯದೆ ಬಿಟ್ಟರೆ ಇದೆಲ್ಲ ಬರೆದು ಪ್ರಯೋಜನವಿಲ್ಲ. ಮಧ್ಯಾಹ್ನದ ಹೊತ್ತು, ನಾನೊಬ್ಬನೇ ಇದ್ದೆ. ನೀವು ಕಿಟಕಿಯ ಆಚೆ ನಿಂತು ಕೇಳಿದಿರಿ —

"ಸಲೀಂ, ನಾನು ಇಂಗ್ಲಿಷ್ ಕಲಿತವನಲ್ಲ. ನನ್ನ ರಿಪೋರ್ಟಲ್ಲಿ ಎಂತ ಉಂಟು, ಅದನ್ನು ಹೇಳು. ಆಫೀಸಿನವರು ಕಾಗದ ತೋರಿಸುದಿಲ್ಲ."

ರಿಜಿಸ್ಟರ್ ನನ್ನ ಬೆನ್ನ ಹಿಂದಿನ ಶೆಲ್ಫಿನಲ್ಲೇ ಇತ್ತು. ಕೈ ಚಾಚಿ ತೆಗೆದಿದ್ದರೆ — ನಿಮ್ಮ ಸೂಪರ್‌ವೈಸರ್‌ನ ಮುಂದೆ ಹಿಡಿದಿದ್ದರೆ — ಇನ್ನೂ ಸಮಯವಿತ್ತು. ಮಾನ ಹೋಗುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತೇನೋ. ಹೋಗಲಿ! ಹೋಗಬೇಕಾದದ್ದೇ! ಆದರೆ ನಾನು ಹೇಳಿದ್ದೇನು?

"ಅದನ್ನೆಲ್ಲ ಹೇಳ್ಲಿಕ್ಕೆ ಪರ್ಮಿಷನ್ ಇಲ್ಲ ಶರೀಫ್ ಭಾಯ್. ಊರಿಗೆ ಹೋಗಿ ಒಳ್ಳೇ ಡಾಕ್ಟರಿಗೆ ತೋರಿಸಿ."

ಮೊದಲನೆಯ ಸುಳ್ಳಿಗೆ ಹೊಟ್ಟೆಕಿಚ್ಚು ಕಾರಣ ಎಂದಾದರೂ ಹೇಳಬಹುದು. ಇದಕ್ಕೆ? ನೀವು ಆಗ ಕಿಟಕಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಿರಿ. "ಹಾಗಾದ್ರೆ ಉಂಟು ಅಂತ ಆಯ್ತು" ಎಂದಿರಿ. ನನ್ನ ಮೇಲೆ ಸಂಶಯ ಪಟ್ಟಿದ್ದರೆ, ಬೈದಿದ್ದರೆ, ಗಾಜು ಒಡೆದಿದ್ದರೆ! ನೀವು ನನ್ನನ್ನು ನಂಬಿದಿರಿ. ಹೋಗುವಾಗ ಶುಕ್ರಿಯಾ ಎಂದೂ ಹೇಳಿದಿರಿ.

ಪಂದ್ಯಾಟ ನಡೆಯಿತು. ಮೊದಲ ಪಂದ್ಯದಲ್ಲೇ ಸೋತೆವು. ನೀವು ಊರಿಗೆ ಹೋದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ನಾನು ಮತ್ತೂ ಎಷ್ಟೋ ವರ್ಷ ಅದೇ ಕುರ್ಚಿಯಲ್ಲಿ ಕುಳಿತು ಜನರ ರಕ್ತ ಪರೀಕ್ಷಿಸಿದೆ. ಬಹಳ ಜಾಗ್ರತೆಯ ಮನುಷ್ಯ ಎಂದು ಹೆಸರೂ ಪಡೆದೆ.

ಕಳೆದ ತಿಂಗಳು ಮಂಗಳೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಬಾವಾ ಸಿಕ್ಕಿದ. ಅಭಾದ ಹಳೆಯ ಕಥೆಗಳನ್ನು ತೆಗೆದು ಪಕ್ಕದವರಿಗೆ ನನ್ನನ್ನು ಹೊಗಳತೊಡಗಿದ. "ಇವ ಅವತ್ತು ಹೇಳಿದ್ದಕ್ಕೆ ನಾವು ಬಚಾವು. ಪಾಪ, ಆ ಶರೀಫ್ ಈಗಲೂ ಬೇರೆ ತಟ್ಟೆಯಲ್ಲೇ ಊಟ ಮಾಡ್ತಾನಂತೆ. ಕುಂದಾಪುರ, ಮಣಿಪಾಲ, ಎಲ್ಲಾ ಕಡೆ ರಕ್ತ ನೋಡಿಸಿದ್ದಾನೆ. ಏನೂ ಇಲ್ಲ ಅಂತಾರಂತೆ. ಅವನಿಗೇ ನಂಬಿಕೆ ಇಲ್ಲ. ಸೌದಿ ಮಿಷನಲ್ಲಿ ಕಂಡದ್ದು ಇಲ್ಲಿ ಕಾಣುದಿಲ್ಲ ಅಂತಾನಂತೆ. ಮೊಮ್ಮಕ್ಕಳನ್ನೂ ಎತ್ತಿಕೊಳ್ಳುದಿಲ್ಲ."

ನಾನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಅದು ಸುಳ್ಳು ಬಾವಾ. ಅವನಿಗೆ ಏನೂ ಇರಲಿಲ್ಲ. ನಾನು ಸುಳ್ಳು ಹೇಳಿದ್ದು" ಎಂದೆ.

ಬಾವಾ ಸುತ್ತ ನೋಡಿದ. "ಮೆಲ್ಲಗೆ ಮಾತಾಡು ಮಾರಾಯ. ಇಷ್ಟು ವರ್ಷ ಆಯ್ತು, ಇನ್ನು ಯಾಕೆ ಅದೆಲ್ಲ? ಬಿಡು."

ಬಿಡು! ಅಲ್ಲೇ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಆದರೆ ಅವನು ಹೇಳಿದ್ದು ಹೊಸತೇನೂ ಅಲ್ಲ. ಇಷ್ಟು ವರ್ಷ ನಾನು ನನಗೇ ಹೇಳಿಕೊಂಡು ಬಂದದ್ದೂ ಆ ಎರಡಕ್ಷರವನ್ನೇ. ಹೊಡೆಯಬೇಕಾದ ಮುಖ ಅವನದಾಗಿರಲಿಲ್ಲ.

ಶರೀಫ್ ಭಾಯ್, ಕ್ಷಮೆ ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕ್ಷಮಿಸಿದರೆ ನನಗೆ ಹಗುರವಾಗುತ್ತದೆ, ನಿಮಗೇನು ಸಿಗುತ್ತದೆ? ಈ ಕಾಗದ ನಿಮ್ಮ ಕೈಗೆ ಬಂದ ಮೇಲೆ, ಬರುವ ಶುಕ್ರವಾರ ನಾನೂ ಗಂಗೊಳ್ಳಿಗೆ ಬರುತ್ತೇನೆ. ನೀವು ಒಳಗೆ ಕರೆಯಬೇಕಾಗಿಲ್ಲ. ಬಾಗಿಲು ಹಾಕಿಕೊಂಡರೆ ರಸ್ತೆಯಲ್ಲೇ ನಿಂತು ಹೇಳುತ್ತೇನೆ — ನಿಮ್ಮ ಮಕ್ಕಳಿಗೆ, ಸೊಸೆಯಂದಿರಿಗೆ, ನೆರೆಮನೆಯವರಿಗೆಲ್ಲ ಕೇಳುವಷ್ಟು ಜೋರಾಗಿ. ನಿಮ್ಮ ಮೊಮ್ಮಕ್ಕಳು ಯಾರು ಈ ಮುದುಕ ಎಂದು ಕೇಳಿದರೆ, ಏನೂ ಮುಚ್ಚಿಡದೆ ಹೇಳಿಬಿಡಿ.