ಕಾಣೆಯಾದ ನವಿಲಿನ ಕೊರಳು

ನವಲಗುಂದದ ರಾಜಮಾಬಿ ಹಾಲು ಹಾಕಿಸಿಕೊಳ್ಳುವಾಗಲೂ ಹಾಲಿಗಿಂತ ಮೊದಲು ಹಾಲಿನವನ ಮುಖ ನೋಡುವವಳು. ಅವಳದು ಜಮಖಾನ ನೇಯುವ ಮನೆ. ಅಲ್ಲಿ ಕಸುಬನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಹೋದ ಮನೆಗೆ ಕಸುಬೂ ಹೋದೀತೆಂಬ ಭಯ. ಹೊಟ್ಟೆಯಲ್ಲಿ ಹುಟ್ಟಿದವರನ್ನೇ ನಂಬದ ಮನೆ ಊರವರನ್ನು ನಂಬೀತೇ?

ಆರು ವರ್ಷದ ಹಿಂದೆ ಧಾರವಾಡದ ಕಾಲೇಜಿನಲ್ಲಿ ಕಲಿಸುವ ವೃಂದಾ ಅಕ್ಕೋರು ಜಮಖಾನಗಳ ಆನ್‌ಲೈನ್ ಪ್ರದರ್ಶನ ಮಾಡಿದರು. ರಾಜಮಾಬಿಯ ಅತ್ತೆ ನವಿಲು ನೇಯುವುದನ್ನು ಒಬ್ಬ ಕ್ಯಾಮರಾದವ ತೆಗೆದ ವಿಡಿಯೋ ಅದರಲ್ಲಿತ್ತು. ಆದರೆ ನವಿಲಿನ ಕೊರಳು ತಿರುಗಿಸಿ ನೇಯುವ ಭಾಗವೇ ಇರಲಿಲ್ಲ. ಕ್ಯಾಮರಾದವನೇ ಕದ್ದಿಟ್ಟುಕೊಂಡ ಎಂದು ರಾಜಮಾಬಿ ಊರೆಲ್ಲ ಹೇಳಿದಳು. ಅವನನ್ನು ಅವಳು ಮೊದಲ ದಿನವೇ ನಂಬಿರಲಿಲ್ಲ. ವಿಡಿಯೋ ತೆಗೆದ ದಿನ ಬಾಗಿಲಿಗೆ ಅಡ್ಡ ನಿಂತು, ಅಷ್ಟನ್ನೂ ಒಂದು ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡೇ ಅವನನ್ನು ಬಿಟ್ಟಿದ್ದಳು. ಆ ಕಾರ್ಡು ಅಡಕೆ ಡಬ್ಬಿ ಸೇರಿತು. ತೆಗೆದರೆ ಅಳಿಸಿಹೋದೀತೆಂದು ಯಾರಿಗೂ ಮುಟ್ಟಗೊಡಲಿಲ್ಲ.

ಈಗ ಅತ್ತೆ ಇಲ್ಲ. ರಾಜಮಾಬಿಯ ಕೈ ನಡುಗುತ್ತದೆ, ನೇಯ್ದು ತೋರಿಸಲಾಗದು. ಸೊಸೆ ತಬಸುಮ್ ನವಿಲು ನೇಯ್ದರೆ ಕೊರಳು ಕೋಳಿಯದಾಗುತ್ತದೆ. ಬಾಯಿಂದ ಹೇಳಿ ಕಲಿಸುವ ಪಟ್ಟಲ್ಲ ಅದು, ಕೈ ನೋಡಿ ಕಲಿಯಬೇಕು.

ಮೊನ್ನೆ ವೃಂದಾ ಬಂದರು, ಮುಖ ಬಾಡಿತ್ತು. ಪ್ರದರ್ಶನದಲ್ಲಿ ವಿಡಿಯೋ ಇದ್ದ ಜಾಗ ಕಪ್ಪಾಗಿದೆಯಂತೆ.

"ವಿಡಿಯೋ ನಮ್ಮ ಹತ್ರ ಇರಲೇ ಇಲ್ರಿ ಅಮ್ಮಾ. ಆ ಕ್ಯಾಮರಾದವನ ಚಾನೆಲ್‌ನಾಗಿಂದು ನಮ್ಮ ಪುಟದಾಗ ಕಾಣೂಹಂಗ ಇಟ್ಟಿದ್ವಿ, ಅಷ್ಟ. ಅವ ಚಾನೆಲ್ ಮುಚ್ಚಿದ, ಇದೂ ಹೋತು."

"ಬಾಜೂ ಮನಿ ದೀಪಾನ ನಮ್ಮ ಬೆಳಕಂತ ನಂಬಿದ್ರೇನ್ರಿ, ಅಕ್ಕೋರ?"

ಕ್ಯಾಮರಾದವನ ಹತ್ತಿರವೂ ಪ್ರತಿ ಉಳಿದಿಲ್ಲವೆಂದರು. ಮಾರಿಕೊಂಡಿದ್ದಾನೆ ಬಿಡಿ, ಎಂದಳು ರಾಜಮಾಬಿ. ಗೆದ್ದವಳ ಹಾಗೆ ಡಬ್ಬಿ ತಂದು ಕಾರ್ಡು ತೆಗೆದುಕೊಟ್ಟಳು. ವೃಂದಾ ತಮ್ಮ ಲ್ಯಾಪ್‌ಟಾಪಿಗೆ ಹಾಕಿದರು.

ಅತ್ತೆಯ ಕೈ ಕಂಡಿತು. ನವಿಲಿನ ರೆಕ್ಕೆ ಬಂತು, ಎದೆ ಬಂತು. ಕೊರಳು ಶುರುವಾಗುತ್ತಲೇ ಹಸಿರು ಸೀರೆಯ ಬೆನ್ನೊಂದು ಅಡ್ಡ ಬಂದು ಕೂತಿತು. ನಾಲ್ಕು ನಿಮಿಷ ಕದಲಲಿಲ್ಲ. ಅದು ಎದ್ದಾಗ ಕೊರಳು ಮುಗಿದಿತ್ತು.

ಆ ಸೀರೆ ರಾಜಮಾಬಿಯದು. ಪಟ್ಟು ಪರರ ಪಾಲಾದೀತೆಂದು ಅಂದು ತಾನೇ ಹೋಗಿ ಕೂತದ್ದು ಅವಳಿಗೆ ಈಗ ನೆನಪಾಯಿತು. ಪ್ರದರ್ಶನದ ವಿಡಿಯೋದಿಂದ ಕ್ಯಾಮರಾದವ ಕತ್ತರಿಸಿದ್ದು ಈ ಬೆನ್ನನ್ನೇ.

"ಅವ ಕದ್ದಿಲ್ರಿ ಅಕ್ಕೋರ," ಎಂದಳು. "ನಾನ ಮುಚ್ಚೀನಿ."

ಮಗ್ಗದ ಮುಂದೆ ತಬಸುಮ್‌ಳನ್ನು ಕೂರಿಸಿ, ಅವಳ ಕೈಯ ಮೇಲೆ ತನ್ನ ನಡುಗುವ ಕೈ ಇಟ್ಟಳು. ವಿಡಿಯೋ ತೆಗೆಯಲು ವೃಂದಾ ಮೊಬೈಲು ಹಿಡಿದರು.

"ಮೂರು ಕಡೆ ಇಡ್ರಿ ಇದನ್ನ. ಒಂದು ನನ್ನ ಡಬ್ಬ್ಯಾಗ," ಎಂದಳು ರಾಜಮಾಬಿ. ಆಮೇಲೆ ತಲೆ ಎತ್ತದೆಯೇ ಹೇಳಿದಳು: "ನಾ ಅಡ್ಡ ಬಂದ್ರ ದೂಡ್ರಿ."